ಬೈಂಡರ್ ಅಕ್ಕನ ಹೇಳಿಕೆ

ವಕೀಲರ ಸಂಘದಲ್ಲಿ ಆಕೆ ಎಲ್ಲರಿಗೂ ಬೈಂಡರ್ ಅಕ್ಕ. ಮೊನ್ನೆ ಮೊನ್ನೆ ಕರಿಕೋಟು ತೊಟ್ಟವರಿಗೂ ಅಕ್ಕ, ತಲೆ ನರೆತ ಹಿರಿಯರಿಗೂ ಅಕ್ಕ. ಸಂಘದ ಅಧ್ಯಕ್ಷರೊಬ್ಬರೇ ‘ಏನಮ್ಮಾ’ ಎಂದು ಮಾತಾಡಿಸುತ್ತಿದ್ದರು. ಅವರಿಗೆ ಎಪ್ಪತ್ತೆಂಟು ದಾಟಿತ್ತು, ಆಕೆಗೆ ಐವತ್ತೆರಡು. ಹಾಗೆ ಕರೆಯುವ ಹಕ್ಕು ಅವರಿಗಿತ್ತು.

ಸಂಘದ ಗ್ರಂಥಾಲಯ ಇದ್ದದ್ದು ನ್ಯಾಯಾಲಯದ ಹಿಂಬದಿಯ ಕಟ್ಟಡದಲ್ಲಿ, ನೆಲಮಹಡಿಯಲ್ಲಿ. ಉದ್ದನೆಯ ಕೋಣೆ. ಎರಡೂ ಗೋಡೆಗೆ ಸೂರು ಮುಟ್ಟುವ ಕಪಾಟುಗಳು, ನಡುವೆ ವಕೀಲರು ಕೂತು ಓದುವ ಮೇಜುಗಳು, ತುದಿಯ ಕಿಟಕಿಯ ಪಕ್ಕ ಅಕ್ಕನ ಮೇಜು. ಅದರ ಮೇಲೆ ಹೊಲಿಗೆಯ ಮರದ ಚೌಕಟ್ಟು, ಮೇಣ ಹಚ್ಚಿದ ದಾರದ ಉಂಡೆ, ದಬ್ಬಣ, ಮಡಿಕೆ ತೀಡುವ ಮೂಳೆಯ ಪಟ್ಟಿ, ಅಂಟಿನ ಡಬ್ಬಿ. ಕಾಲಬಳಿ ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು. ವಕೀಲರು ತೀರ್ಪುಗಳ ಸಂಪುಟಗಳನ್ನು ಹಿಡಿದು ಕೋರ್ಟಿಗೆ ಓಡುತ್ತಿದ್ದರು, ಮೇಜಿಗೆ ಕುಟ್ಟಿ ವಾದ ಮಾಡುತ್ತಿದ್ದರು, ಪುಟ ಗುರುತಿಗೆಂದು ಕೈಗೆ ಸಿಕ್ಕಿದ್ದನ್ನೆಲ್ಲ ತುರುಕುತ್ತಿದ್ದರು. ಬೆನ್ನು ಮುರಿದ ಪುಸ್ತಕಗಳು ಒಂದೊಂದಾಗಿ ಅಕ್ಕನ ಮೇಜಿಗೆ ಬರುತ್ತಿದ್ದವು. ಪುಸ್ತಕದೊಳಗೆ ಬಾಚಣಿಗೆ, ಬಸ್ಸಿನ ಚೀಟಿ, ಒಮ್ಮೆಯಂತೂ ಅರ್ಧ ತಿಂದ ಬಿಸ್ಕತ್ತು ಸಿಕ್ಕಿತ್ತು.

‘ವಕೀಲರೇ, ನಿಮ್ಮ ಸಾಕ್ಷ್ಯ ಇಲ್ಲೇ ಉಳಿದುಹೋಗಿದೆ’ ಎಂದು ಅದನ್ನು ಕಾಗದದಲ್ಲಿ ಸುತ್ತಿ ವಾಪಸು ಕೊಟ್ಟಿದ್ದಳು. ಆ ವಕೀಲ ಒಂದು ವಾರ ಆ ಕಡೆ ತಲೆ ಹಾಕಲಿಲ್ಲ.

ಕೆಲಸ ಕಲಿಸಿದ್ದು ಅಪ್ಪ. ಅವರದ್ದು ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಸಣ್ಣ ಬೈಂಡಿಂಗ್ ಅಂಗಡಿ. ಮಾತು ಕಡಿಮೆ, ಕೈಕೆಲಸ ಜಾಸ್ತಿ ಎನ್ನುವಂಥ ಮನುಷ್ಯ. ಮಗಳು ಮೊದಲ ಸಲ ಹರಿದ ಪುಟ ಜೋಡಿಸಿದಾಗ ಅವರು ಅದನ್ನು ಬೆಳಕಿಗೆ ಹಿಡಿದು, ‘ಅಂಚು ಕೂಡಿದ್ರೆ ಸಾಲದು ಮಗಾ. ಅಕ್ಷರ ಕೂಡಬೇಕು. ಓದು, ಓದಿ ಅಂಟಿಸು’ ಎಂದಿದ್ದರು. ಅಂದಿನಿಂದ ಆಕೆಗೆ ಅದೇ ಅಭ್ಯಾಸ. ಓದದೆ ಯಾವ ಪುಟವನ್ನೂ ಅಂಟಿಸಿದವಳಲ್ಲ. ಇಪ್ಪತ್ಮೂರನೆಯ ವಯಸ್ಸಿಗೆ ಸಂಘದವರು ಕರೆದು ಕೆಲಸ ಕೊಟ್ಟಾಗ ಅಪ್ಪ ತಮ್ಮ ಮೂಳೆಯ ಪಟ್ಟಿಯನ್ನೇ ಕೊಟ್ಟು ಕಳಿಸಿದರು.

ಗಂಡ ಸಿಕ್ಕಿದ್ದೂ ಅಲ್ಲೇ. ಕೋರ್ಟಿನ ಗೇಟಿನ ಎದುರು ವಕೀಲರ ಕರಿಕೋಟು ಹೊಲಿಯುವ ಟೈಲರು. ಒಂದು ದಿನ ಗುಂಡಿ ಗಟ್ಟಿ ನಿಲ್ಲಲು ಮೇಣದ ದಾರ ಬೇಕೆಂದು ಕೇಳಿಕೊಂಡು ಬಂದ. ಮರುದಿನವೂ ಬಂದ. ಮೂರನೆಯ ದಿನ ಅಕ್ಕ, ‘ಅಷ್ಟು ಗುಂಡಿ ಯಾವ ವಕೀಲರಿಗೆ?’ ಎಂದು ಕೇಳಿದಳು. ಮುಂದಿನ ವರ್ಷ ಮದುವೆಯಾಯಿತು. ‘ನಾನು ವಕೀಲರಿಗೆ ಬಟ್ಟೆ ಹಾಕ್ತೀನಿ, ಇವಳು ಅವರ ಪುಸ್ತಕಕ್ಕೆ ಹಾಕ್ತಾಳೆ. ನಾವಿಬ್ಬರೂ ಕೈ ಎತ್ತಿದ್ರೆ ಕೋರ್ಟಿನ ಮಾನ ಬೀದೀಲಿ’ ಎಂದು ಟೈಲರು ಕಂಡಕಂಡವರಿಗೆ ಹೇಳುತ್ತಿದ್ದ. ಒಬ್ಬಳೇ ಮಗಳು. ಓದಿ, ಟೀಚರಾಗಿ, ಊರಿನ ಇನ್ನೊಂದು ತುದಿಯಲ್ಲಿ ಸಂಸಾರ ಹೂಡಿದ್ದಳು. ವಾರಕ್ಕೊಮ್ಮೆ ಬಂದು ಅಪ್ಪ ಅಮ್ಮನ ಕನ್ನಡಕ ಒರೆಸಿಕೊಟ್ಟು, ಇಬ್ಬರನ್ನೂ ಸಮನಾಗಿ ಗದರಿಸಿ ಹೋಗುತ್ತಿದ್ದಳು.

ಅಕ್ಕನ ಮೇಜಿನ ಹಿಂದೆ ಒಂದು ಮರದ ಬೀರು ಇತ್ತು. ಸಂಘದ ನಡಾವಳಿ ಪುಸ್ತಕಗಳು, ಅಂದರೆ ಸಭೆಗಳಲ್ಲಿ ಏನು ಮಾತಾಯಿತು, ಏನು ತೀರ್ಮಾನವಾಯಿತು ಎಂದು ಬರೆದಿಟ್ಟ ಪುಸ್ತಕಗಳು, ಹತ್ತೊಂಬತ್ತು ಅದರಲ್ಲಿದ್ದವು. ಮೊದಲನೆಯದು ತೊಂಬತ್ತೇಳು ವರ್ಷ ಹಳೆಯದು. ಆ ಪುಸ್ತಕವನ್ನು ಅಕ್ಕ ಎರಡು ಸಲ ಬಿಚ್ಚಿ ಹೊಲಿದಿದ್ದಳು. ಒಮ್ಮೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇನ್ನೊಮ್ಮೆ ನಲವತ್ತರ ಹೊತ್ತಿಗೆ. ಬೇರೆ ಯಾರೂ ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಧ್ಯಕ್ಷರೂ ನೋಡಿರಲಿಲ್ಲ. ಅದರ ಮೊದಲ ಅರವತ್ತು ಪುಟಗಳು ಅಧ್ಯಕ್ಷರ ತಾತನ ಕೈಬರಹ. ಅವರೇ ಸಂಘದ ಮೊದಲ ಅಧ್ಯಕ್ಷರು. ಮೊಮ್ಮಗ ಆ ಪುಸ್ತಕವನ್ನು ವರ್ಷಕ್ಕೊಮ್ಮೆ ತೆಗೆಸಿ, ಮುಖಪುಟ ಸವರಿ, ಒಳಗೆ ತೆರೆಯಲು ಧೈರ್ಯ ಸಾಲದೆ ಹಾಗೇ ಇಡಿಸುತ್ತಿದ್ದರು. ‘ಪುಟ ಪುಡಿಯಾಗಿಬಿಟ್ಟೀತು, ಬೇಡಮ್ಮಾ’ ಎನ್ನುತ್ತಿದ್ದರು. ನೂರು ತುಂಬಿದಾಗ ಸಂಘದ ಚರಿತ್ರೆ ಬರೆಸಬೇಕು, ಆಗ ಒಂದೇ ಸಲ ಜೋಪಾನವಾಗಿ ತೆರೆದು ನಕಲು ಮಾಡಿಸೋಣ ಎಂಬುದು ಅವರ ಲೆಕ್ಕಾಚಾರ.

ನೂರು ತುಂಬಲು ಇನ್ನೂ ಮೂರು ವರ್ಷವಿದ್ದಾಗ ಹೊಳೆ ಊರೊಳಗೆ ಬಂತು.

ಎರಡು ದಿನ ಎಡೆಬಿಡದೆ ಸುರಿದ ಮಳೆಗೆ ಹೊಳೆಯ ಒಡ್ಡು ಬಿರಿದಿತ್ತು. ತಗ್ಗಿನ ಬಡಾವಣೆಗಳಲ್ಲಿ ಎದೆಮಟ್ಟ ನೀರು. ನ್ಯಾಯಾಲಯ ಸ್ವಲ್ಪ ಎತ್ತರದಲ್ಲಿದ್ದರೂ ಹಿಂಬದಿಯ ಕಟ್ಟಡಕ್ಕೆ ಮೊಣಕಾಲುದ್ದ ನುಗ್ಗಿ, ಒಂದು ಹಗಲು ನಿಂತು, ಇಳಿಯಿತು. ಮಂಗಳವಾರ ಬೆಳಗ್ಗೆ ಟೈಲರು, ಅಕ್ಕ ಇಬ್ಬರೂ ಕೆಸರು ತುಳಿದುಕೊಂಡು ಬಂದು ಬಾಗಿಲು ತಳ್ಳಿದರೆ ಬಾಗಿಲು ಅಲ್ಲಾಡಲಿಲ್ಲ. ಮರ ಉಬ್ಬಿತ್ತು. ಟೈಲರು ಹೆಗಲು ಕೊಟ್ಟ. ಒಳಗೆ ಕಪಾಟುಗಳ ಕೆಳಸಾಲಿನ ಸಂಪುಟಗಳು ನೀರು ಕುಡಿದು ಬಿಗಿಯಾಗಿ, ಎಳೆದರೂ ಬರದಂತೆ ಕೂತಿದ್ದವು.

ಅಕ್ಕ ನೇರವಾಗಿ ಬೀರುವಿನ ಬಳಿ ಹೋದಳು. ಹಳೆಯ ನಡಾವಳಿ ಪುಸ್ತಕಗಳು ಭಾರವೆಂದು ಅವುಗಳನ್ನು ಕೆಳಗಿನ ಅರೆಗೆ ಇಳಿಸಿಟ್ಟವಳು ಅವಳೇ. ಕೆಳಗಿನ ಅರೆಯ ನಾಲ್ಕೂ ಪುಸ್ತಕ ತೊಯ್ದಿದ್ದವು. ಮೊದಲನೆಯದನ್ನು ಎರಡು ಕೈಯಲ್ಲಿ ಎತ್ತಿದರೆ ಅದು ನೆನೆದ ಬಟ್ಟೆಗಂಟಿನಂತೆ ನೀರು ಸುರಿಸಿತು.

ಅಷ್ಟರಲ್ಲೇ ಫೋನು. ಅಧ್ಯಕ್ಷರು. ಅವರ ಮನೆಯ ಬೀದಿಯಲ್ಲಿ ಇನ್ನೂ ನೀರಿತ್ತು, ಹೊರಗೆ ಬರುವಂತಿರಲಿಲ್ಲ.

‘ಏನಮ್ಮಾ, ಮೊದಲನೇ ಪುಸ್ತಕ?’

‘ನೆಂದಿದೆ ಸರ್.’

‘ಉಳಿಯುತ್ತಾ?’

‘ಈಗಲೇ ಕೂತ್ರೆ ಉಳಿಯುತ್ತೆ ಸರ್. ಒಂದೊಂದೇ ಹಾಳೆ ಬಿಡಿಸಿ, ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು, ಅದು ನೆಂದ ಹಾಗೆ ಬದಲಾಯಿಸ್ತಾ ಇರಬೇಕು. ಎರಡು ದಿನ ಬೇಕು.’

‘ಬೇರೆ ಎಲ್ಲಾ ಬಿಡು. ಮೊದಲು ಅದನ್ನ ನೋಡಮ್ಮಾ.’

‘ಆಗಲಿ ಸರ್’ ಎಂದಳು ಅಕ್ಕ. ಹೇಳುವಾಗ ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಮೇಲಿನ ಅಟ್ಟದಿಂದ ಬ್ಲಾಟಿಂಗ್ ಪೇಪರಿನ ಎರಡು ಕಟ್ಟು ಇಳಿಸಿದಳು, ಇದ್ದದ್ದೇ ಅಷ್ಟು. ಮೇಜು ಒರೆಸಿದಳು. ಪುಸ್ತಕವನ್ನು ಒಣಬಟ್ಟೆಯ ಮೇಲೆ ಮಲಗಿಸಿ ರಟ್ಟು ಬಿಡಿಸಲು ಶುರುಮಾಡಿದಳು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಸರಕುಲಾರಿ ನಿಲ್ದಾಣದಲ್ಲಿ ಮೂಟೆ ಹೊರುವ ಹಮಾಲಿ. ಹಿಂದೊಮ್ಮೆ ಮನೆಯ ಕಾಗದದ ವಿಷಯ ಕೇಳಲು ಸಂಘದ ಶನಿವಾರದ ಉಚಿತ ಸಲಹೆಯ ಮೇಜಿಗೆ ಬಂದಿದ್ದವನು. ಪಕ್ಕದಲ್ಲಿ ಹದಿನೆಂಟರ ಮಗಳು. ಇಬ್ಬರೂ ಸೊಂಟದವರೆಗೆ ಕೆಸರು. ಹುಡುಗಿ ಒಂದು ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡಿದ್ದಳು.

‘ವಕೀಲರು ಯಾರಾದ್ರೂ ಇದ್ದಾರಾ ಅಕ್ಕಾ?’

‘ಯಾರೂ ಬಂದಿಲ್ಲ ಅಣ್ಣಾ. ಏನಾಗಬೇಕಿತ್ತು?’

ಹುಡುಗಿ ಚೀಲ ಬಿಚ್ಚಿದಳು. ಅವಳ ಶಾಲೆಯ ಸರ್ಟಿಫಿಕೇಟು, ಅಂಕಪಟ್ಟಿ, ಜನನ ಪತ್ರ ಎಲ್ಲ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿದ್ದವು. ಶುಕ್ರವಾರ ನರ್ಸಿಂಗ್ ಶಾಲೆಯಲ್ಲಿ ಮೂಲಪತ್ರ ತೋರಿಸದಿದ್ದರೆ ಸೀಟು ಹೋಗುತ್ತದೆ. ಅವಳು ಬಿಡಿಸಲು ನೋಡಿದ್ದಳಂತೆ, ಮೂಲೆಯೊಂದು ಕಿತ್ತುಬಂದಿತ್ತು. ಆ ಚೂರನ್ನು ಬೇರೆಯಾಗಿ, ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

‘ನೀವು ಕಾಗದ ರಿಪೇರಿ ಮಾಡ್ತೀರಂತೆ’ ಎಂದಳು. ಅಳು ಬಂದಿರಲಿಲ್ಲ. ಅಳುವುದಕ್ಕೆ ಪುರುಸೊತ್ತಿಲ್ಲದವರ ಮುಖ ಅದು.

ಅಕ್ಕ ಮೇಜಿನ ಮೇಲಿನ ಪುಸ್ತಕ ನೋಡಿದಳು. ಹುಡುಗಿಯ ಮುಷ್ಟಿ ನೋಡಿದಳು. ‘ಮೂರೇ ಕಾಗದ ತಾನೆ, ಅರ್ಧ ಗಂಟೆ’ ಎಂದುಕೊಂಡು, ಹಾಳೆಗಳು ಅಷ್ಟರೊಳಗೆ ಒಣಗಿ ಅಂಟಿಕೊಳ್ಳದಿರಲೆಂದು ಪುಸ್ತಕಕ್ಕೆ ಒದ್ದೆಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿದಳು.

ಅರ್ಧ ಗಂಟೆ ಮುಗಿಯುವುದರೊಳಗೆ ಬಾಗಿಲಲ್ಲಿ ಇನ್ನೂ ನಾಲ್ವರು. ಹಮಾಲಿಯ ಬೀದಿಯವರೇ. ಒಬ್ಬರ ಕೈಯಲ್ಲಿ ಮನೆಯ ಹಕ್ಕುಪತ್ರ, ಇನ್ನೊಬ್ಬರ ಕೈಯಲ್ಲಿ ಗಂಡನ ಮರಣ ಪತ್ರ ಮತ್ತು ಪಿಂಚಣಿಯ ಪುಸ್ತಕ. ಮಧ್ಯಾಹ್ನದ ಹೊತ್ತಿಗೆ ಸಾಲು ಗೇಟು ಮುಟ್ಟಿತ್ತು. ಟೈಲರು ಹೊರಗೆ ನಿಂತು, ‘ಬಿಡಿಸೋಕೆ ಹೋಗಬೇಡಿ, ಹಾಗೇ ಹಿಡ್ಕೊಳ್ಳಿ, ಕೂಸಿನ ಥರ ಹಿಡ್ಕೊಳ್ಳಿ’ ಎಂದು ಕೂಗುತ್ತಿದ್ದ.

ಸಂಘದ ಕಾರ್ಯದರ್ಶಿ ಬಂದದ್ದು ಆಗ. ನಲವತ್ತರ ಆಸುಪಾಸಿನ ವಕೀಲೆ, ನಡೆದರೆ ಹಿಂದಿನವರು ಓಡಬೇಕು. ಸಾಲು ನೋಡಿ ಒಂದು ಗಳಿಗೆ ನಿಂತಳು. ಕೋಟು ಕಳಚಿ ಕುರ್ಚಿಗೆ ಹಾಕಿದಳು. ‘ಅಕ್ಕಾ, ಏನು ಬೇಕು ಹೇಳಿ.’

‘ಜನ ಬೇಕು. ಹಗ್ಗ ಬೇಕು. ಬ್ಲಾಟಿಂಗ್ ಪೇಪರ್ ಬೇಕು. ಕರೆಂಟಿಲ್ಲ, ಫ್ಯಾನಿಲ್ಲ, ಕಿಟಕಿ ಎಲ್ಲಾ ತೆಗಿಸಬೇಕು.’

ಜನ ಬಂದರು, ಹಗ್ಗ ಬಂತು. ಬ್ಲಾಟಿಂಗ್ ಪೇಪರ್ ಬರಲಿಲ್ಲ, ಅಂಗಡಿಬೀದಿಯೇ ನೀರಲ್ಲಿತ್ತು. ಇದ್ದ ಎರಡು ಕಟ್ಟನ್ನೇ ಕತ್ತರಿಸಿ, ಒಣಗಿಸಿ, ಮತ್ತೆ ಬಳಸಬೇಕು. ಸಂಜೆ ನಾಲ್ಕರ ಹೊತ್ತಿಗೆ ಅಕ್ಕ ಆ ಕಟ್ಟಿನ ಮೇಲೆ ಕೈಯಿಟ್ಟು ಲೆಕ್ಕ ಹಾಕಿದಳು. ಪುಸ್ತಕಕ್ಕೆ ಎತ್ತಿಟ್ಟರೆ ಸಾಲಿನಲ್ಲಿರುವವರನ್ನು ಕಳಿಸಬೇಕು. ನಾಳೆಗೆ ಅವರ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಇವರಿಗೆ ಕೊಟ್ಟರೆ ಪುಸ್ತಕಕ್ಕೆ ಹಿಡಿಯುತ್ತದೆ. ಯಾರನ್ನಾದರೂ ಕೇಳಬಹುದಿತ್ತು. ಕಾರ್ಯದರ್ಶಿ ಹತ್ತು ಹೆಜ್ಜೆ ದೂರದಲ್ಲಿದ್ದಳು. ಕೇಳಿದರೆ ಹೊರೆ ಅವಳ ತಲೆಗೆ ಹೋಗುತ್ತದೆ ಎಂದು ಅಕ್ಕ ಕೇಳಲಿಲ್ಲ. ಕತ್ತರಿ ತೆಗೆದುಕೊಂಡು ಕಟ್ಟು ಬಿಚ್ಚಿ, ‘ಮುಂದಿನವರು ಬನ್ನಿ’ ಎಂದಳು.

ಆರು ದಿನ ಆ ಕೋಣೆ ಬಟ್ಟೆ ಒಗೆದು ಹರವಿದ ಹಿತ್ತಿಲಿನಂತಿತ್ತು. ಗೋಡೆಯಿಂದ ಗೋಡೆಗೆ ಹಗ್ಗ. ಹಗ್ಗದ ತುಂಬ ಜನರ ಜೀವನ. ಪತ್ರಗಳು ಬಟ್ಟೆಯ ಕ್ಲಿಪ್ಪಿನಲ್ಲಿ ತೂಗುತ್ತಿದ್ದವು. ದಿನಕ್ಕೆ ಹತ್ತು ಸಾವಿರ ಮಾತಾಡುವ ವಕೀಲರು ಅವುಗಳ ಕೆಳಗೆ ತಲೆ ತಗ್ಗಿಸಿ, ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು. ಒಬ್ಬ ಹಿರಿಯರು ಸೀನು ಬಂತೆಂದು ಮೂಗು ಹಿಡಿದುಕೊಂಡು ಗೇಟಿನವರೆಗೆ ಓಡಿಹೋಗಿ ಸೀನಿ ಬಂದರು. ಪಡಸಾಲೆಯಲ್ಲಿ ಮೇಜು ಹಾಕಿ ಇಪ್ಪತ್ತು ವಕೀಲರು ಕಳೆದುಹೋದ ಪತ್ರಗಳಿಗೆ ಅರ್ಜಿ, ಪ್ರಮಾಣಪತ್ರ ಬರೆದುಕೊಟ್ಟರು.

ಗುರುವಾರ ಒಂದು ಕಚೇರಿಯ ಅಧಿಕಾರಿ ‘ಕಲೆ ಬಿದ್ದ ಕಾಗದ ನಡೆಯಲ್ಲ, ಹೊಸದು ಮಾಡಿಸ್ಕೊಂಡು ಬನ್ನಿ’ ಎಂದು ಜನರನ್ನು ಅಟ್ಟಿದನೆಂದು ಸುದ್ದಿ ಬಂತು. ಕಾರ್ಯದರ್ಶಿಯ ಮೂಗಿನ ತುದಿ ಕೆಂಪಾಯಿತು. ಅಂದೇ ಸಂಘದ ಹೆಸರಲ್ಲಿ ಅರ್ಜಿ ಬರೆದು, ನಲವತ್ತು ವಕೀಲರ ಸಹಿ ಹಾಕಿಸಿ, ನ್ಯಾಯಾಧೀಶರ ಮುಂದೆ ನಿಂತಳು. ಮರುದಿನ ಬೆಳಗ್ಗೆ ಆದೇಶವಾಯಿತು: ನೀರಿನಲ್ಲಿ ನೆನೆದು ಒಣಗಿದ ಪತ್ರ, ಓದಲು ಬರುವಂತಿದ್ದರೆ, ಮೂಲಪತ್ರವೇ, ಯಾವ ಕಚೇರಿಯೂ ತಳ್ಳುವಂತಿಲ್ಲ. ಹಮಾಲಿಯ ಮಗಳು ಆ ಆದೇಶದ ನಕಲು ಹಿಡಿದು ನರ್ಸಿಂಗ್ ಶಾಲೆಗೆ ಹೋದಳು. ಅಂಕಪಟ್ಟಿಯ ಮೂಲೆಯನ್ನು ಅಕ್ಕ ಅಕ್ಷರಕ್ಕೆ ಅಕ್ಷರ ಕೂಡುವಂತೆ ಕೂರಿಸಿದ್ದಳು. ಸೀಟು ಉಳಿಯಿತು.

ಒಟ್ಟು ಆರುನೂರ ಹನ್ನೆರಡು ಮನೆಯ ಕಾಗದಗಳು ಒಣಗಿದವು.

ಅಧ್ಯಕ್ಷರು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು. ‘ಪುಸ್ತಕ ಹೇಗಿದೆ?’ ‘ಇದೆ ಸರ್’ ಎನ್ನುತ್ತಿದ್ದಳು ಅಕ್ಕ. ಸುಳ್ಳಲ್ಲ. ಪುಸ್ತಕ ಇತ್ತು. ಆದರೆ ಫೋನಿಟ್ಟ ಮೇಲೆ ಬಟ್ಟೆ ಸುತ್ತಿದ ಪುಸ್ತಕಕ್ಕೆ ಬೆನ್ನು ಮಾಡಿ ಕೂರುತ್ತಿದ್ದಳು. ಏಳನೆಯ ದಿನ ಬಟ್ಟೆ ಬಿಚ್ಚಿ ನೋಡಿದಳು. ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಅಂಚಿನ ಸುತ್ತ ಹಸಿರು ಬೂಷ್ಟು. ಚಾಕುವಿನ ತುದಿಯಿಂದ ಒಂದು ಪದರ ಎಬ್ಬಿಸಿದರೆ ಹಾಳೆ ಬರಲಿಲ್ಲ, ಪುಡಿ ಬಂತು. ಮಸಿ ಹರಡಿ ನೀಲಿಯ ಮಬ್ಬು. ಉಳಿದ ಮೂರು ಪುಸ್ತಕಗಳು ಗಟ್ಟಿ ಕಾಗದದವು, ಅರ್ಧಕ್ಕರ್ಧ ಉಳಿದಿದ್ದವು. ಮೊದಲನೆಯದು ಹೋಗಿತ್ತು.

ಅವಳೇ ಅಧ್ಯಕ್ಷರ ಮನೆಗೆ ಹೋದಳು. ಟೈಲರು ಜೊತೆಗೆ ಬರುತ್ತೇನೆಂದ. ಬೇಡವೆಂದಳು. ಬೀದಿಯ ತುದಿಯವರೆಗೆ ಬಂದು ನಿಂತ.

ಅಧ್ಯಕ್ಷರು ವರಾಂಡದಲ್ಲಿ ಕೂತಿದ್ದರು. ಅಕ್ಕ ಪುಸ್ತಕವನ್ನು ಅವರ ಮುಂದಿನ ಸ್ಟೂಲಿನ ಮೇಲಿಟ್ಟು ನಡೆದದ್ದನ್ನು ನಡೆದಂತೆ ಹೇಳಿದಳು. ನೀವು ಹೇಳಿದ್ದು ಕೇಳಿಸಿತ್ತು, ಆಗಲಿ ಎಂದೂ ಹೇಳಿದ್ದೆ, ಆಮೇಲೆ ಮಾಡಲಿಲ್ಲ. ಆರು ದಿನ ‘ಇದೆ’ ಎಂದು ಮರೆಮಾಚಿದೆ. ಯಾರೂ ಹೇಳಿಕೊಟ್ಟಿದ್ದಲ್ಲ.

ಅವರು ಪುಸ್ತಕದ ಮೇಲೆ ಅಂಗೈ ಇಟ್ಟರು. ‘ಅಪ್ಪನಿಗೂ ಅಕ್ಷರ ತಿದ್ದಿಸಿದ್ದು ನಮ್ಮ ತಾತನೇ. ನಾನು ಅವರನ್ನ ನೋಡಿಲ್ಲ. ಈ ಬರಹ ಒಂದೇ ನನಗೆ ಸಿಕ್ಕಿದ್ದು’ ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ‘ನೀನು ಹೋಗಮ್ಮಾ’ ಎಂದರು ಅಷ್ಟೆ.

ಮೂರು ವಾರ ಅವರು ಸಂಘಕ್ಕೆ ಬರಲಿಲ್ಲ. ಅಕ್ಕ ಕೆಲಸ ಬಿಡುವ ಪತ್ರ ಬರೆದು ಕಾರ್ಯದರ್ಶಿಗೆ ಕೊಟ್ಟಳು. ಅವಳು ಓದಿ, ಮಡಿಸಿ, ‘ಇದು ಒದ್ದೆಯಾಗಿದೆ ಅಕ್ಕಾ, ಓದೋಕೆ ಬರಲ್ಲ’ ಎಂದು ಹರಿದು ಬುಟ್ಟಿಗೆ ಹಾಕಿದಳು. ಮನೆಯಲ್ಲಿ ಟೈಲರು ಸಮಾಧಾನ ಹೇಳಲು ಹೋಗಿ ಬೈಸಿಕೊಂಡ. ಆಮೇಲೆ ಸಮಾಧಾನ ಬಿಟ್ಟು ಮಗ್ಗುಲಲ್ಲಿ ಕೂತು ಗುಂಡಿ ಹೊಲಿಯತೊಡಗಿದ. ಅದೇ ಒಳ್ಳೆಯದಾಯಿತು. ಒಂದು ಸಂಜೆ ಅವಳು ತನ್ನಷ್ಟಕ್ಕೆ ಹೇಳಿದಳು: ‘ಎಂಟನೇ ಪುಟದಲ್ಲಿ ಒಂದು ಗಮ್ಮತ್ತಿತ್ತು ಗೊತ್ತಾ? ಕೋರ್ಟಿಗೆ ಬರೋ ಜನಕ್ಕೆ ಕುಡಿಯೋ ನೀರಿನ ಹಂಡೆ ಇಡಬೇಕು ಅಂತ ತೀರ್ಮಾನ. ಕೆಳಗೆ ಒಬ್ಬರು ಬರೆದಿದ್ರು, ಹಂಡೆ ಇಟ್ಟು ಲೋಟ ಇಡದಿದ್ರೆ ಜನ ಮುಖ ಅದ್ದಿ ಕುಡೀಬೇಕಾ ಅಂತ.’

ಟೈಲರು ಸೂಜಿ ನಿಲ್ಲಿಸಿದ. ‘ನಿನಗೆ ಅದು ನೆನಪಿದೆಯಾ?’

‘ಅಂಟಿಸಿದ್ದು ನಾನಲ್ವಾ. ಲೋಟ ಅನ್ನೋ ಪದದ ಮೇಲೇ ಹರಿದಿತ್ತು.’

‘ಇನ್ನೂ ಏನೇನು ನೆನಪಿದೆ?’

ಅಕ್ಕ ಯೋಚಿಸಿದಳು. ‘ಎಲ್ಲಾ ಇರಬಹುದು’ ಎಂದಳು, ತನಗೇ ಆಶ್ಚರ್ಯವಾಗುವಂತೆ.

ಟೈಲರಿಗೆ ಬಾಯಿ ನಿಲ್ಲುವುದುಂಟೆ? ಮರುದಿನ ಕಾರ್ಯದರ್ಶಿಯ ಕೋಟಿಗೆ ತೋಳಿನ ಅಳತೆ ತೆಗೆಯುತ್ತಾ ಹೇಳಿಬಿಟ್ಟ. ಕಾರ್ಯದರ್ಶಿ ಅರ್ಧ ಅಳತೆಗೇ ಹೊರಟುಹೋದಳು.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅಧ್ಯಕ್ಷರು ಗ್ರಂಥಾಲಯಕ್ಕೆ ಬಂದರು. ಕರಿಕೋಟು, ಬಿಳಿ ಕೊರಳಪಟ್ಟಿ, ಪೂರ್ತಿ ಕೋರ್ಟಿನ ಉಡುಪು. ಹಿಂದೆ ಕಾರ್ಯದರ್ಶಿ, ಅವಳ ಹಿಂದೆ ಟೈಪಿಸ್ಟು. ಅಕ್ಕ ಎದ್ದು ನಿಂತಳು.

‘ಕೂತ್ಕೋಮ್ಮಾ. ಪುಸ್ತಕ ಹೋಗಿದೆ. ಪುಸ್ತಕ ನೋಡಿದ ಸಾಕ್ಷಿ ಇದ್ದಾರೆ ಅಂತ ಕೇಳಿದೆ. ಮೂಲ ದಾಖಲೆ ನಾಶವಾದಾಗ ಅದನ್ನ ಓದಿದವರ ಹೇಳಿಕೆ ತಗೊಳ್ಳೋದು ನಮ್ಮ ಕಸುಬು. ಪ್ರಮಾಣ ಮಾಡ್ತೀಯಾ?’

ಅಕ್ಕನಿಗೆ ನಗು, ಅಳು ಒಟ್ಟಿಗೆ ಬಂತು. ಕೈ ಎತ್ತಿ ಪ್ರಮಾಣ ಮಾಡಿದಳು.

ಎಂಟು ಬೆಳಗು ಅದು ನಡೆಯಿತು. ಕೋರ್ಟು ಶುರುವಾಗುವ ಮೊದಲು ದಿನಕ್ಕೆ ಒಂದೂವರೆ ಗಂಟೆ. ಅಧ್ಯಕ್ಷರು ಐವತ್ತು ವರ್ಷ ಸಾಕ್ಷಿಗಳ ಬೆವರಿಳಿಸಿದವರು. ಇವಳಿಗೂ ರಿಯಾಯಿತಿ ಕೊಡಲಿಲ್ಲ.

‘ಊಹಿಸಿ ಹೇಳ್ತಿದ್ದೀಯೋ, ನೆನಪಿಂದ ಹೇಳ್ತಿದ್ದೀಯೋ?’

‘ನೆನಪಿಂದ ಸರ್.’

‘ಹದಿಮೂರು ವರ್ಷದ ಹಿಂದೆ ಕಂಡ ಸಾಲು ಹೇಗೆ ನೆನಪಿರುತ್ತೆ?’

‘ಹರಿದ ಕಡೆ ಎರಡು ಸಲ ಓದ್ತೀನಿ ಸರ್. ಹೊಲಿಯೋವಾಗ ಮಡಿಕೆಯ ಪುಟ ಎದುರಿಗೇ ಇರುತ್ತೆ, ಅದನ್ನ ಹತ್ತು ಸಲ ನೋಡ್ತೀನಿ. ಹರಿಯದೇ ಇದ್ದ ಪುಟ ಅಷ್ಟು ನೆನಪಿಲ್ಲ. ನಲವತ್ತನೇ ಪುಟ ಚೆನ್ನಾಗಿತ್ತು. ಅದು ಗೊತ್ತಿಲ್ಲ ಸರ್.’

‘ಬರ್ಕೊಳ್ಳಿ’ ಎಂದರು ಅಧ್ಯಕ್ಷರು ಟೈಪಿಸ್ಟಿಗೆ. ‘ನಲವತ್ತನೇ ಪುಟ ಚೆನ್ನಾಗಿದ್ದ ಕಾರಣ ಸಾಕ್ಷಿಗೆ ನೆನಪಿಲ್ಲ.’

ಹೀಗೆ ಸಂಘದ ಹುಟ್ಟು ಒಂದೊಂದೇ ಸಾಲಾಗಿ ಹೊರಬಂತು. ಏಳು ವಕೀಲರು, ಏಳೂ ಜನಕ್ಕೆ ಸೇರಿ ಒಂದೇ ಜೊತೆ ತೀರ್ಪಿನ ಸಂಪುಟಗಳು. ಮೊದಲ ಸಭೆ ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ, ಕುರ್ಚಿ ನಾಲ್ಕೇ ಇದ್ದುದರಿಂದ ಮೂವರು ನಿಂತು ಮತ ಹಾಕಿದ್ದು. ಆಸ್ಪತ್ರೆಗೆ ಹೋಗುವ ದಾರಿಗೆ ಶ್ರೀಮಂತರೊಬ್ಬರು ಬೇಲಿ ಹಾಕಿದಾಗ ಸಂಘವೇ ದಾವೆ ಹೂಡಿ ತೆಗೆಸಿದ್ದು. ಮೊದಲ ವಕೀಲೆ ಸದಸ್ಯೆಯಾಗಲು ಬಂದ ದಿನ ಎರಡು ಗಂಟೆ ಜಗಳವಾಗಿ, ಕೊನೆಗೆ ಮೊದಲ ಅಧ್ಯಕ್ಷರು ತಮ್ಮ ಕುರ್ಚಿ ಬಿಟ್ಟು ಆಕೆಯನ್ನು ಕೂರಿಸಿ, ‘ಈಗ ಚರ್ಚೆ ಮುಂದುವರಿಸಬಹುದು’ ಎಂದದ್ದು. ಅದನ್ನು ಕೇಳಿ ಕಾರ್ಯದರ್ಶಿ ಕಿಟಕಿಯ ಕಡೆ ತಿರುಗಿ ನಿಂತಳು. ಅಧ್ಯಕ್ಷರು ಕನ್ನಡಕ ತೆಗೆದರು. ‘ತಾತ ಹಾಗೆ ಮಾಡಿದ್ರಾ?’ ಎಂದು ಕೇಳಿದ್ದು ವಕೀಲರಂತಿರಲಿಲ್ಲ.

ಏಳನೆಯ ಬೆಳಗು ಮೊದಲ ಪುಟಕ್ಕೆ ಬಂದರು. ಅದನ್ನು ಅಕ್ಕ ಬೇಕೆಂದೇ ಮುಂದೂಡುತ್ತಾ ಬಂದಿದ್ದಳು. ಕಣ್ಣು ಮುಚ್ಚಿಕೊಂಡು, ಆ ಓರೆಯಾದ, ಉದ್ದ ಬಾಲದ ಅಕ್ಷರಗಳನ್ನು ಎದುರಿಗೆ ಕಾಣುತ್ತಿರುವಂತೆ ನಿಧಾನವಾಗಿ ಹೇಳಿದಳು: ‘“ಪುಸ್ತಕವಿಲ್ಲದ ವಕೀಲನೂ ವಕೀಲನಿಲ್ಲದ ಬಡವನೂ ಸಮನಾಗಿ ಕೈಲಾಗದವರಾದ್ದರಿಂದ, ನಾವು ಏಳು ಜನರು ಈ ದಿನ ಸಂಘ ಮಾಡಿಕೊಂಡಿದ್ದೇವೆ. ಕಾಗದ ಹಿಡಿದು ಬಾಗಿಲಿಗೆ ಬಂದವರನ್ನು, ಆ ಕಾಗದವನ್ನು ಓದಿ ಹೇಳದೆ ಹಿಂದಕ್ಕೆ ಕಳುಹಿಸತಕ್ಕದ್ದಲ್ಲ.”’

ಟೈಪಿಸ್ಟರ ಬೆರಳು ನಿಂತಿತು. ಹೊರಗೆ ಯಾರದೋ ಸ್ಕೂಟರು ಎರಡು ಸಲ ಕೆಮ್ಮಿ ಸ್ಟಾರ್ಟಾಯಿತು.

‘ಆ ಮಂಗಳವಾರ’ ಎಂದರು ಅಧ್ಯಕ್ಷರು ಕೊನೆಗೆ, ‘ಪುಸ್ತಕ ಪಕ್ಕಕ್ಕೆ ಇಡೋವಾಗ, ಈ ಸಾಲು ನಿನ್ನ ಮನಸ್ಸಿಗೆ ಬಂದಿತ್ತಾ?’

ಹೌದೆಂದರೆ ಎಲ್ಲ ಮುಗಿದುಹೋಗುತ್ತಿತ್ತು. ಕಾರ್ಯದರ್ಶಿಯ ಕಣ್ಣು ಕೂಡ ಹೌದೆನ್ನು ಎನ್ನುತ್ತಿತ್ತು.

‘ಇಲ್ಲ ಸರ್’ ಎಂದಳು ಅಕ್ಕ. ‘ಪ್ರಮಾಣ ಮಾಡಿದ್ದೀನಿ. ಆ ಹುಡುಗಿ ಮುಷ್ಟಿ ಬಿಟ್ಟು ನನಗೆ ಇನ್ನೇನೂ ಕಾಣಿಸ್ತಿರಲಿಲ್ಲ.’

ಅಧ್ಯಕ್ಷರು ಟೈಪಿಸ್ಟರ ಕಡೆ ತಿರುಗಿದರು. ‘ಸಾಕ್ಷಿ ನಂಬಿಕೆಗೆ ಅರ್ಹಳು’ ಎಂದರು. ಎದ್ದು, ಅಂಟು ಮೆತ್ತಿ ಒರಟಾಗಿದ್ದ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಪ್ಪತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಎಂಟನೆಯ ದಿನ ಆ ಮೊದಲ ಪುಟದ ಕೆಳಗಿದ್ದ ಏಳು ಜನರ ಸಹಿಗಳು. ಅಕ್ಕ ಆರು ಹೆಸರು ಹೇಳಿದಳು. ಏಳನೆಯದು ಬರಲಿಲ್ಲ. ಅವಳು ನೋಡುವ ಮೊದಲೇ ಆ ಮೂಲೆ ಇಲಿಯ ಪಾಲಾಗಿತ್ತು. ಯಾರೋ ಒಂದು ಹೆಸರು ಸೂಚಿಸಿದರು, ಹೊಂದುತ್ತದೆ ಎಂದರು. ಅಧ್ಯಕ್ಷರು ಒಪ್ಪಲಿಲ್ಲ. ‘ಖಾಲಿ ಬಿಡಿ. ಗೊತ್ತಿಲ್ಲದ್ದು ಗೊತ್ತಿಲ್ಲ ಅಂತಲೇ ಇರಲಿ.’

ಶತಮಾನೋತ್ಸವಕ್ಕೆ ಸಂಘದ ಚರಿತ್ರೆ ಅಚ್ಚಾಯಿತು. ಮೊದಲ ಅಧ್ಯಾಯ ಅಕ್ಕನ ಹೇಳಿಕೆ, ಪ್ರಶ್ನೆ ಉತ್ತರ ಸಮೇತ, ಇದ್ದದ್ದು ಇದ್ದಂತೆ. ಕೊನೆಯ ಅಧ್ಯಾಯ ಆ ಆರು ದಿನಗಳದ್ದು. ಅದನ್ನು ಬರೆದವಳು ಕಾರ್ಯದರ್ಶಿ. ಪುಸ್ತಕ ಹೊರಬಂದ ತಿಂಗಳಲ್ಲೇ ಮೂರು ಬೇರೆ ಬೇರೆ ಮನೆತನದವರು ಬಂದು ಏಳನೆಯವರು ತಮ್ಮ ಮುತ್ತಾತನೇ ಎಂದು ವಾದಿಸಿದರು. ಇಬ್ಬರ ನಡುವೆ ಗ್ರಂಥಾಲಯದಲ್ಲೇ ಜೋರು ಮಾತಾಯಿತು. ಟೈಲರು, ‘ಏಳು ಜನ ಹೋಗಿ ಒಂಬತ್ತು ಜನ ಆದ್ರಲ್ಲ, ಸಂಘ ಬೆಳೀತಿದೆ’ ಎಂದ.

ಅಧ್ಯಕ್ಷರು ಆ ವರ್ಷವೇ ಹುದ್ದೆ ಬಿಟ್ಟರು, ಕಾರ್ಯದರ್ಶಿ ಆ ಜಾಗಕ್ಕೆ ಬಂದಳು. ಹುದ್ದೆ ಬಿಟ್ಟವರು ಮನೆಯಲ್ಲಿ ಕೂರಲಿಲ್ಲ. ಮಂಗಳವಾರ, ಶುಕ್ರವಾರ ಹತ್ತು ಗಂಟೆಗೆ ಗ್ರಂಥಾಲಯಕ್ಕೆ ಬಂದು ಅಕ್ಕನ ಮೇಜಿನ ಎದುರು ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಮೊದಮೊದಲು ತಾತನ ವಿಷಯ ಕೇಳುತ್ತಿದ್ದರು. ಕೇಳುವುದು ಮುಗಿದ ಮೇಲೆ ಒಂದು ದಿನ, ‘ನನಗೂ ಹೊಲಿಯೋದು ಹೇಳಿಕೊಡಮ್ಮಾ’ ಎಂದರು. ಅಕ್ಕ ತಮಾಷೆ ಎಂದುಕೊಂಡಳು. ಅವರು ಆಗಲೇ ಕೋಟು ಕಳಚಿ ತೋಳು ಮಡಚುತ್ತಿದ್ದರು.

ಕಲಿಯುವುದು ಬಲು ನಿಧಾನ. ದಾರ ಪೋಣಿಸಲು ಅವರಿಗೆ ಐದು ನಿಮಿಷ ಬೇಕಾಗುತ್ತಿತ್ತು, ಕೈ ನಡುಗುತ್ತಿತ್ತು, ಪೋಣಿಸಿಕೊಡಲು ಹೋದರೆ ಬಿಡುತ್ತಿರಲಿಲ್ಲ. ‘ಅಯ್ಯೋ, ಹಾಗೆ ಎಳೀಬೇಡಿ ಸರ್, ಕಾಗದ ಹರಿಯುತ್ತೆ’ ಎಂದು ಅಕ್ಕ ಗದರಿಸಿದರೆ, ‘ಆಕ್ಷೇಪಣೆ ಒಪ್ಪಿದ್ದೇನೆ’ ಎಂದು ಬಿಚ್ಚಿ ಮತ್ತೆ ಶುರುಮಾಡುತ್ತಿದ್ದರು. ಎರಡು ತಿಂಗಳು ಕೂತು ಒಂದು ಪುಸ್ತಕ ಮುಗಿಸಿದರು. ಸಂಘದ ಇಪ್ಪತ್ತನೆಯ ನಡಾವಳಿ ಪುಸ್ತಕ, ಇನ್ನೂ ಒಂದಕ್ಷರ ಬರೆಯದ್ದು. ಬೆನ್ನು ಸ್ವಲ್ಪ ಸೊಟ್ಟ. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

‘ಹೇಗಿದೆ? ನಿಜ ಹೇಳು’ ಎಂದರು ಅವರು.

‘ಸೊಟ್ಟಗಿದೆ ಸರ್. ಆದ್ರೆ ಬಿಚ್ಚಿಹೋಗಲ್ಲ.’

ಅವರು ನಕ್ಕು, ಸೂಜಿ ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡರು.